ಹರಾಜು ಕೂಗಬೇಕೋ, ಬೆಲೆ ಬರೆದಿಡಬೇಕೋ? ಆನ್‌ಲೈನ್ ಹರಾಜು ತಾಣದಲ್ಲಿ ಸಣ್ಣ ಅಂಗಡಿ ತೆರೆಯುವವರಿಗೆ

ನಿಮ್ಮ ಮೇಜಿನ ಮೇಲೆ ಮೂರು ಬಗೆಯ ಸರಕು ಇದೆ ಅಂದುಕೊಳ್ಳಿ. ಮೊದಲನೆಯದು ಒಂದು ಹಳೆಯ ಕ್ಯಾಮೆರಾ ಲೆನ್ಸ್. ಒಂದೇ ಒಂದು ಪೀಸು. ಅಂಥದ್ದು ಮಾರ್ಕೆಟ್ಟಿಗೆ ಬರುವುದೇ ಅಪರೂಪ. ಎರಡನೆಯದು ಕ್ಯಾಮೆರಾ ನೇತುಹಾಕಿಕೊಳ್ಳುವ ಹೊಸ ಪಟ್ಟಿಗಳು. ಒಟ್ಟು ನಲವತ್ತು, ಎಲ್ಲವೂ ಒಂದೇ ತರಹ. ಮೂರನೆಯದು ಒಂದು ಡಬ್ಬಿ ತುಂಬ ಹಳೆಯ ಇಂಕ್ ಪೆನ್ನು. ಕೆಲವಕ್ಕೆ ನಿಬ್ಬೇ ಇಲ್ಲ, ಕೆಲವಕ್ಕೆ ಮುಚ್ಚಳ ಇಲ್ಲ, ಎರಡು ಮೂರು ಮಾತ್ರ ಚೆನ್ನಾಗಿವೆ.

ಹೊಸದಾಗಿ ಅಂಗಡಿ ಹಾಕುವವರು ಮೊದಲು ಕೇಳುವುದು "ಯಾವ ತಾಣ ಒಳ್ಳೇದು?" ಅಂತ. ಆಮೇಲೆ "ಬಾಡಿಗೆ ಕಟ್ಟಿ ಸ್ಟೋರ್ ತಗೋಬೇಕಾ?" ಅಂತ. ಎರಡೂ ಸರಿಯಾದ ಪ್ರಶ್ನೆಗಳೇ, ಆದರೆ ಅವಕ್ಕಿಂತ ಮೊದಲು ಇನ್ನೊಂದು ಇದೆ. ಈ ವಸ್ತು ಎಷ್ಟಕ್ಕೆ ಹೋಗುತ್ತದೆ ಅನ್ನೋದು ನಿಮಗೆ ಗೊತ್ತಾ?

ಪಟ್ಟಿಯ ಬೆಲೆ ಗೊತ್ತು. ಅಂಥದ್ದೇ ಪಟ್ಟಿ ಮಾರುವವರು ಇನ್ನೂರು ಜನ ಇದ್ದಾರೆ, ಎಲ್ಲರ ಬೆಲೆಯೂ ಕಣ್ಣೆದುರಿಗೇ ಇದೆ. ಲೆನ್ಸಿನ ಬೆಲೆ ಗೊತ್ತಿಲ್ಲ, ಅಂದಾಜು ಮಾಡಿದರೂ ಅರ್ಧಕ್ಕರ್ಧ ತಪ್ಪಬಹುದು. ಪೆನ್ನುಗಳದ್ದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ. ಹರಾಜು ಇರುವುದು ಬೆಲೆ ಗೊತ್ತಿಲ್ಲದಾಗ ಅದನ್ನು ಕಂಡುಹಿಡಿಯೋದಕ್ಕೆ. ಬೆಲೆ ಗೊತ್ತಿರುವ ಸರಕನ್ನು ಹರಾಜಿಗಿಟ್ಟರೆ ಅದು ಧೈರ್ಯವೂ ಅಲ್ಲ, ಜಾಣತನವೂ ಅಲ್ಲ. ಸುಮ್ನೆ ಲಾಭ ಬಿಟ್ಟುಕೊಟ್ಟ ಹಾಗೆ, ಅಷ್ಟೇ.

ಹರಾಜಿನ ಒಳಗೆ ಏನು ನಡೆಯುತ್ತದೆ

ಅಮೆರಿಕದ ಹೆಸರಾಂತ ಹರಾಜು ತಾಣ ಇಬೇ ಶುರುವಾಗಿದ್ದು 1995ರ ಸೆಪ್ಟೆಂಬರಿನಲ್ಲಿ, ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಕೈಯಲ್ಲಿ. ಆಗ ಅದರ ಹೆಸರು ಆಕ್ಷನ್‌ವೆಬ್. ಅಲ್ಲಿ ಮೊದಲು ಮಾರಾಟವಾದ ವಸ್ತು ಅಂತ ಹೇಳುವುದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರನ್ನು. ಅದು 14.83 ಡಾಲರಿಗೆ ಹೋಯಿತು. ಕೊಂಡವನಿಗೆ ಅದು ಕೆಟ್ಟಿದೆ ಅಂತ ಗೊತ್ತಿತ್ತಾ? ಗೊತ್ತಿತ್ತು. ಕೆಟ್ಟ ಲೇಸರ್ ಪಾಯಿಂಟರ್ ಕೂಡಿಡುವುದೇ ಅವನ ಹವ್ಯಾಸ. ಈ ಕಥೆಯನ್ನು ತಮಾಷೆಗೆ ಹೇಳುತ್ತಾರೆ, ಆದರೆ ಹರಾಜಿನ ಗುಟ್ಟೆಲ್ಲ ಇದರಲ್ಲೇ ಇದೆ. ಕೆಟ್ಟ ಪಾಯಿಂಟರಿಗೆ ಎಷ್ಟು ಬೆಲೆ ಬರೆಯುತ್ತೀರಿ? ಬರೆಯೋಕೆ ಆಗಲ್ಲ. ಬೇಕಾದವನೇ ಬಂದು ಹೇಳಬೇಕು.

ಈಗ ಯಂತ್ರ ಹೇಗೆ ಓಡುತ್ತದೆ ಅಂತ ನೋಡೋಣ. ಇದನ್ನು ತಿಳಿಯದೆ ಹರಾಜಿಗಿಳಿದು ಕೈ ಸುಟ್ಟುಕೊಂಡವರು ಜಾಸ್ತಿ. ಇಬೇ ಮಾದರಿಯ ತಾಣದಲ್ಲಿ ಕೊಳ್ಳುವವನು ತಾನು ಹೆಚ್ಚೆಂದರೆ ಎಷ್ಟು ಕೊಡಬಲ್ಲೆ ಅನ್ನುವುದನ್ನು ಗುಟ್ಟಾಗಿ ಬರೆದಿಡುತ್ತಾನೆ. ಅವನ ಪರವಾಗಿ ತಾಣವೇ ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ನಿಮ್ಮ ಲೆನ್ಸಿಗೆ ಒಬ್ಬ 500ರವರೆಗೂ ಹೋಗಬಲ್ಲ, ಇನ್ನೊಬ್ಬ 420ರವರೆಗೆ ಅಂದುಕೊಳ್ಳಿ. ಬೆಲೆ ಒಂದೊಂದು ಸಲಕ್ಕೆ ಏರುವ ಮೆಟ್ಟಿಲು 10 ಅಂತ ಇದ್ದರೆ ಹರಾಜು 430ಕ್ಕೆ ನಿಲ್ಲುತ್ತದೆ, 500ಕ್ಕಲ್ಲ. ಅಂದರೆ ಬೆಲೆ ನಿರ್ಧರಿಸುವವನು ಗೆದ್ದವನಲ್ಲ, ಅವನ ಹಿಂದೆ ನಿಂತವನು.

ಎರಡನೆಯವನ ಬೆಲೆಗೆ ಮೊದಲನೆಯವನಿಗೆ ಮಾರುವ ಈ ಪದ್ಧತಿಯನ್ನು ಲೆಕ್ಕಾಚಾರ ಸಮೇತ ವಿವರಿಸಿದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ, 1961ರಲ್ಲಿ. ಅವರಿಗೆ ನೊಬೆಲ್ ಬಂದಿದ್ದು 1996ರಲ್ಲಿ. ಪಾಪ, ಸುದ್ದಿ ಬಂದ ಮೂರೇ ದಿನಕ್ಕೆ ತೀರಿಹೋದರು. ಹಾಗಂತ ಪದ್ಧತಿ ಅವರಿಂದಲೇ ಶುರುವಾಗಿದ್ದಲ್ಲ. ಅಂಚೆಚೀಟಿ ಮಾರುವವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಟಪಾಲಿನಲ್ಲಿ ಹೀಗೆ ಹರಾಜು ಮಾಡುತ್ತಿದ್ದರು.

ಮಾರುವವರಿಗೆ ಇದರಿಂದ ಒಂದು ವಿಷಯ ಸ್ಪಷ್ಟ. ನಿಮಗೆ ಒಬ್ಬ ಹುಚ್ಚು ಅಭಿಮಾನಿ ಸಾಲದು, ಇಬ್ಬರು ಬೇಕು. ಅದೂ ಒಂದೇ ವಾರದಲ್ಲಿ, ಒಂದೇ ವಸ್ತುವಿಗೆ. ಒಬ್ಬನೇ ಇದ್ದರೆ ಅವನ ಜೇಬಿನಲ್ಲಿ ಎಷ್ಟಿದ್ದರೂ ಲೆನ್ಸ್ ಹೋಗುವುದು ನೀವು ಇಟ್ಟ ಆರಂಭದ ಬೆಲೆಗೇ. ಹಾಗಾಗಿ ಹರಾಜಿಗಿಡುವ ಮೊದಲು ಅದೇ ತಾಣದಲ್ಲಿ ಮಾರಾಟವಾಗಿ ಹೋದ ಸರಕಿನ ವಿವರ ತೆಗೆದು ನೋಡಿ. ಈಗ ಇಟ್ಟಿರುವವರ ಬೆಲೆ ನೋಡಬೇಡಿ. ಕೇಳುವ ಬೆಲೆಯನ್ನು ಯಾರು ಎಷ್ಟು ಬೇಕಾದರೂ ಬರೆಯಬಹುದು. ನೋಡಬೇಕಾದ್ದು ನಿಜವಾಗಿ ಎಷ್ಟಕ್ಕೆ ಹೋಯಿತು, ಎಷ್ಟು ಜನ ಬಿಡ್ ಮಾಡಿದ್ದರು ಅನ್ನುವುದನ್ನು. ಅಂಥ ವಸ್ತುವಿಗೆ ಪ್ರತಿ ಸಲವೂ ನಾಲ್ಕೈದು ಜನ ಬಂದಿದ್ದರೆ ಧೈರ್ಯವಾಗಿ ಹರಾಜಿಗಿಡಿ. ಒಬ್ಬೊಬ್ಬರೇ ಬಂದಿದ್ದರೆ ಬೆಲೆ ಬರೆದಿಟ್ಟು ಕಾಯುವುದೇ ವಾಸಿ.

ಎಲ್ಲಿಂದ ಶುರು ಮಾಡಬೇಕು

ಆರಂಭದ ಬೆಲೆಯ ಬಗ್ಗೆ ಎರಡು ಪಂಗಡಗಳಿವೆ. ಒಂದು ಪಂಗಡದವರು "ಚಿಲ್ಲರೆ ಕಾಸಿನಿಂದ ಶುರು ಮಾಡಿ, ಜನ ಮುತ್ತಿಕೊಳ್ಳುತ್ತಾರೆ" ಅನ್ನುತ್ತಾರೆ. ಇನ್ನೊಂದು ಪಂಗಡದವರು "ಅಸಲು ಬರುವಷ್ಟಾದರೂ ಇಡಿ" ಅನ್ನುತ್ತಾರೆ. ಇಬ್ಬರೂ ಅವರವರ ಸರಕಿಗೆ ಸರಿ. ಕಡಿಮೆಯಿಂದ ಶುರು ಮಾಡಿದರೆ ಜನ ಬರುತ್ತಾರೆ ಅನ್ನೋದು ನಿಜ. ಒಂದು ಸಲ ಬಿಡ್ ಹಾಕಿದವನು ಆ ವಸ್ತುವನ್ನು ಮನಸ್ಸಿನಲ್ಲಿ ಆಗಲೇ ತನ್ನದು ಅಂದುಕೊಂಡಿರುತ್ತಾನೆ, ಬಿಟ್ಟುಕೊಡೋಕೆ ಒಪ್ಪಲ್ಲ. ಆದರೆ ಇದು ಕೆಲಸ ಮಾಡುವುದು ಬೇಡಿಕೆ ಖಚಿತವಾಗಿರುವ ಕಡೆ ಮಾತ್ರ.

ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ತಾಣದ ದರ ಹಾಕಿಕೊಳ್ಳಿ. ವಸ್ತುವಿನ ಅಸಲು 50. ಗಿರಾಕಿಯಿಂದ ಸಾಗಣೆಗೆ ಅಂತ 15 ತಗೊಳ್ಳುತ್ತೀರಿ. ನಿಮಗೆ ನಿಜವಾಗಿ ಕೊರಿಯರಿಗೆ 13, ಪ್ಯಾಕಿಂಗಿಗೆ 3 ಖರ್ಚು. ತಾಣದ ಕಮಿಷನ್ 100ಕ್ಕೆ 13. ವಸ್ತು 100ಕ್ಕೆ ಹೋದರೆ ಕೈಗೆ ಬರುವುದು 115. ಕಮಿಷನ್ 14.95 ಕಳೆಯಿರಿ, ಕೊರಿಯರ್, ಪ್ಯಾಕಿಂಗ್, ಅಸಲು ಕಳೆಯಿರಿ. ಉಳಿದದ್ದು 34.05. ಪರವಾಗಿಲ್ಲ. ಅದೇ ವಸ್ತು ಹರಾಜಿನಲ್ಲಿ 60ಕ್ಕೆ ನಿಂತುಬಿಟ್ಟರೆ? ಬರುವುದು 75, ಕಮಿಷನ್ 9.75, ಮಿಕ್ಕ ಖರ್ಚು ಅಷ್ಟೇ. ಕೊನೆಗೆ ಕೈಯಿಂದಲೇ 0.75 ಹೋಯಿತು. ಅಸಲಿಗಿಂತ 10 ಜಾಸ್ತಿಗೆ ಮಾರಿಯೂ ನಷ್ಟ!

ಇಲ್ಲಿ ಒಂದು ಸಣ್ಣಕ್ಷರದ ಸಂಗತಿ ಗಮನಿಸಿದಿರಾ? ಕಮಿಷನ್ ಹಾಕಿದ್ದು 100ರ ಮೇಲಲ್ಲ, 115ರ ಮೇಲೆ. ಇಬೇಯಲ್ಲಿ ಕಮಿಷನ್ ಬೀಳುವುದು ಗಿರಾಕಿ ಕಟ್ಟಿದ ಒಟ್ಟು ಮೊತ್ತದ ಮೇಲೆ, ಸಾಗಣೆ ವೆಚ್ಚವೂ ಅದರಲ್ಲಿ ಸೇರುತ್ತದೆ. ಹಿಂದೆ ಕೆಲವರು ವಸ್ತುವಿಗೆ ಚೂರು ಬೆಲೆ ಇಟ್ಟು ಸಾಗಣೆಗೆ ದೊಡ್ಡ ಮೊತ್ತ ಬರೆದು ಕಮಿಷನ್ ತಪ್ಪಿಸುತ್ತಿದ್ದರು. ಈಗ ಆ ಆಟ ನಡೆಯಲ್ಲ.

ಮೇಲಿನ ಲೆಕ್ಕದಲ್ಲಿ ನಷ್ಟವಾಗದೆ ಮಾರುವ ಕನಿಷ್ಠ ಬೆಲೆ ಹತ್ತಿರ ಹತ್ತಿರ 61. ನನ್ನ ಸಲಹೆ ಏನೆಂದರೆ, ಮೊದಲ ಹತ್ತಿಪ್ಪತ್ತು ಹರಾಜುಗಳನ್ನು ಈ ಬೆಲೆಯಿಂದಲೇ ಶುರು ಮಾಡಿ. ಏರಿದರೆ ಖುಷಿ. ಏರದಿದ್ದರೂ ರಾತ್ರಿ ನಿದ್ದೆ ಬರುತ್ತದೆ. ರಿಸರ್ವ್ ಬೆಲೆ ಅಂತ ಇನ್ನೊಂದು ದಾರಿ ಇದೆ. ಗುಟ್ಟಾಗಿ ಒಂದು ಬೆಲೆ ಇಟ್ಟು, ಅಲ್ಲಿಗೆ ಮುಟ್ಟದಿದ್ದರೆ ಮಾರುವುದಿಲ್ಲ ಅನ್ನಬಹುದು. ನನಗಂತೂ ಅದು ಇಷ್ಟವಿಲ್ಲ. "ರಿಸರ್ವ್ ಇನ್ನೂ ಮುಟ್ಟಿಲ್ಲ" ಅನ್ನುವ ಸಾಲು ನೋಡಿದ ತಕ್ಷಣ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಹಲವು ಕಡೆ ಅದಕ್ಕೆ ಬೇರೆ ಶುಲ್ಕವೂ ಇದೆ. ಬಹಳ ಬೆಲೆಬಾಳುವ ಒಂಟಿ ವಸ್ತುವಿಗೆ ಮಾತ್ರ ಇಟ್ಟುಕೊಳ್ಳಿ.

ಬಿಡ್ ಏರುತ್ತಿಲ್ಲ ಅಂತ ಗೆಳೆಯನಿಗೆ ಫೋನ್ ಮಾಡಿ "ಒಂದೆರಡು ಬಿಡ್ ಹಾಕೋ ಮಾರಾಯ" ಅನ್ನುವ ಆಸೆ ಬರುತ್ತದೆ. ಬೇಡ. ತಾಣಗಳು ಇದನ್ನು ಮೋಸ ಅಂತಲೇ ನೋಡುತ್ತವೆ. ಖಾತೆಯೇ ಹೋಗಬಹುದು. ಅನೇಕ ದೇಶಗಳಲ್ಲಿ ಕಾನೂನಿನ ಪ್ರಕಾರವೂ ಅಪರಾಧ.

ಕೊನೆಯ ಹತ್ತು ಸೆಕೆಂಡು

ಮೊದಲ ಸಲ ಹರಾಜಿಗಿಟ್ಟವರು ಆರು ದಿನ ಸುಮ್ಮನೆ ಕೂತಿರುವ ಬೆಲೆ ನೋಡಿ ಕಂಗಾಲಾಗುತ್ತಾರೆ. ಗಾಬರಿ ಬೇಡ. ಅನುಭವಸ್ಥ ಗಿರಾಕಿಗಳು ಬರುವುದೇ ಕೊನೆಗೆ. ಗಡಿಯಾರ ನೋಡಿಕೊಂಡು ಕೂತು, ಮುಗಿಯೋಕೆ ಹತ್ತು ಸೆಕೆಂಡ್ ಇದೆ ಅನ್ನುವಾಗ ಬಿಡ್ ಹಾಕುತ್ತಾರೆ. ಇದಕ್ಕೆ ಸ್ನೈಪಿಂಗ್ ಅಂತಾರೆ.

ಎಲ್ಲ ತಾಣದಲ್ಲೂ ಹೀಗಿಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಇಬೇ ಮತ್ತು ಆಗಿನ ಅಮೆಜಾನ್ ಹರಾಜುಗಳನ್ನು ಹೋಲಿಸಿ ನೋಡಿದರು. ಇಬೇಯಲ್ಲಿ ಗಡಿಯಾರ ಖಡಾಖಂಡಿತ, ಸಮಯ ಆಯಿತೆಂದರೆ ಮುಗಿಯಿತು. ಅಮೆಜಾನಿನಲ್ಲಿ ಕೊನೆಯ ಹತ್ತು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಸಮಯ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಕೊನೆ ಗಳಿಗೆಯ ನುಗ್ಗಾಟ ಇಬೇಯಲ್ಲೇ ತುಂಬ ಜಾಸ್ತಿ ಅಂತ ಅವರಿಗೆ ಕಂಡಿತು. ನ್ಯೂಜಿಲೆಂಡಿನ ಟ್ರೇಡ್ ಮಿಯಲ್ಲೂ ಹೀಗೆ ಸಮಯ ಬೆಳೆಯುವ ವ್ಯವಸ್ಥೆ ಇದೆ. ಕೊನೆಯ ಎರಡು ನಿಮಿಷದಲ್ಲಿ ಬಿಡ್ ಬಂದರೆ ಇನ್ನೆರಡು ನಿಮಿಷ ಸೇರುತ್ತದೆ.

ತಾಣ ಆರಿಸುವಾಗ ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಸಮಯ ಬೆಳೆಯುವ ಕಡೆ ಹರಾಜು ನಮ್ಮ "ಒಂದು ಸಲ, ಎರಡು ಸಲ, ಮೂರು ಸಲ" ಇದ್ದ ಹಾಗೆ. ಕೂಗುವವರು ಇರುವ ತನಕ ಬೆಲೆ ಏರುತ್ತದೆ. ಖಡಕ್ ಗಡಿಯಾರದ ಕಡೆ ನೀವು ಕೊನೆಗೊಳ್ಳುವ ಹೊತ್ತನ್ನು ಸರಿಯಾಗಿ ಆರಿಸಬೇಕು. ಗಿರಾಕಿಗಳು ಕೆಲಸದಲ್ಲಿರುವ ಹೊತ್ತಿಗೋ ನಡುರಾತ್ರಿಗೋ ಮುಗಿಯುವ ಹಾಗೆ ಇಟ್ಟರೆ ಎರಡನೆಯವನು ಬರುವುದೇ ಇಲ್ಲ. ಹರಾಜು ದಿನದ ಯಾವ ಹೊತ್ತಿಗೆ ಶುರುವಾಯಿತೋ ಕೊನೆಯ ದಿನ ಅದೇ ಹೊತ್ತಿಗೆ ಮುಗಿಯುವುದರಿಂದ, ಜನ ಬಿಡುವಾಗಿರುವ ಸಂಜೆ ಹೊತ್ತಿಗೆ ಲಿಸ್ಟಿಂಗ್ (ಅಂದರೆ ವಸ್ತು ಮಾರಾಟಕ್ಕಿದೆ ಅನ್ನುವ ಪ್ರಕಟಣೆ) ಹಾಕಿ. ದಿನ ಎಷ್ಟಿರಬೇಕು? ಏಳು ಸಾಕು. ಒಂದು ರಜಾದಿನವಂತೂ ನಡುವೆ ಬಂದೇ ಬರುತ್ತದೆ.

ಬೆಲೆ ಬರೆದಿಡುವುದು, ಮತ್ತು ಚೌಕಾಸಿ

ಇಬೇ "ಈಗಲೇ ಕೊಳ್ಳಿ" ಬಟನ್ ತಂದಿದ್ದು 2000ದಲ್ಲಿ. ಆಗ ಅದು ಹರಾಜಿನ ಪಕ್ಕದ ಸಣ್ಣ ಸೌಲಭ್ಯ. ಹತ್ತು ವರ್ಷ ಕಳೆಯುವ ಹೊತ್ತಿಗೆ ಹರಾಜೇ ಪಕ್ಕಕ್ಕೆ ಸರಿದಿತ್ತು. ಹರಾಜಿಗೇ ಹೆಸರಾದ ತಾಣದಲ್ಲೂ ಇವತ್ತು ಹೆಚ್ಚಿನ ಸರಕು ನಿಗದಿ ಬೆಲೆಗೇ ಹೋಗುತ್ತದೆ. ಜನರಿಗೆ ಒಂದು ವಾರ ಕಾಯುವ ತಾಳ್ಮೆ ಇಲ್ಲ. ಪಟ್ಟಿ ಬೇಕಾದವನಿಗೆ ನಾಳೆಯೇ ಬೇಕು, ಅಲ್ವಾ?

ನಲವತ್ತು ಪಟ್ಟಿಗೆ ಒಂದೇ ಲಿಸ್ಟಿಂಗ್ ಹಾಕಿ, ಸಂಖ್ಯೆ 40 ಅಂತ ಬರೆಯಿರಿ. ಲಿಸ್ಟಿಂಗ್ ಲೆಕ್ಕದಲ್ಲಿ ಅದು ಒಂದೇ. ಮಾರಿದ ಹಾಗೆಲ್ಲ "ಇಷ್ಟು ಮಾರಾಟವಾಗಿದೆ" ಅನ್ನುವ ಸಂಖ್ಯೆ ಬೆಳೆಯುತ್ತದೆ, ಹೊಸ ಗಿರಾಕಿಗೆ ಧೈರ್ಯ ಬರುತ್ತದೆ. ಹರಾಜಿನಲ್ಲಿ ಈ ಅನುಕೂಲ ಇಲ್ಲ. ಪ್ರತಿ ಸಲವೂ ಸೊನ್ನೆಯಿಂದ ಶುರು.

ಇವೆರಡರ ನಡುವೆ ಚೌಕಾಸಿಗೆ ಬಾಗಿಲು ತೆರೆದಿಡುವ ದಾರಿ ಇದೆ. ಬೆಲೆ ಬರೆದಿಟ್ಟು, "ನಿಮ್ಮ ಬೆಲೆ ಹೇಳಿ" ಅನ್ನುವ ಅವಕಾಶ ಕೊಡುವುದು. ಬೆಲೆ ಅರ್ಧಂಬರ್ಧ ಗೊತ್ತಿರುವ ಸರಕಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನಮ್ಮ ಚೆನ್ನಾಗಿರುವ ಪೆನ್ನುಗಳು ಇಲ್ಲಿಗೆ ಸೇರಬೇಕು. ನಿಮಗೆ ಬೇಕಾದ್ದಕ್ಕಿಂತ ಒಂದು ಹದಿನೈದು ಇಪ್ಪತ್ತು ಪರ್ಸೆಂಟ್ ಮೇಲಿಡಿ. ಇಂತಿಷ್ಟಕ್ಕಿಂತ ಕಡಿಮೆ ಕೇಳಿದರೆ ತಾನಾಗಿ ಬೇಡ ಅನ್ನುವ ವ್ಯವಸ್ಥೆಯನ್ನೂ ಹಾಕಿ. ಇಲ್ಲದಿದ್ದರೆ ಕಾಲು ಬೆಲೆಗೆ ಕೇಳುವವರಿಗೆ ಉತ್ತರ ಕೊಡೋದೇ ಒಂದು ಉದ್ಯೋಗ ಆಗುತ್ತದೆ. ನಿಬ್ ಇಲ್ಲದ, ಮುಚ್ಚಳ ಇಲ್ಲದ ಪೆನ್ನುಗಳನ್ನು ಒಟ್ಟಿಗೆ ಒಂದೇ ಗಂಟು ಮಾಡಿ "ರಿಪೇರಿಗೆ, ಬಿಡಿಭಾಗಕ್ಕೆ" ಅಂತ ಬರೆದು ಹರಾಜಿಗಿಡಿ. ರಿಪೇರಿ ಮಾಡುವವರು ಹುಡುಕುವುದೇ ಅಂಥ ಗಂಟನ್ನು. ಆ ಲೇಸರ್ ಪಾಯಿಂಟರ್ ನೆನಪಿದೆಯಲ್ಲ.

ತಾಣ ಯಾವುದು

ಹರಾಜು ತಾಣಕ್ಕೆ ಒಂದು ವಿಚಿತ್ರ ಗುಣ ಇದೆ. ಕೊಳ್ಳುವವರು ಮಾರುವವರು ಇರುವ ಕಡೆ ಹೋಗುತ್ತಾರೆ, ಮಾರುವವರು ಕೊಳ್ಳುವವರು ಇರುವ ಕಡೆ. ಹಾಗಾಗಿ ಒಂದು ದೇಶದಲ್ಲಿ ಸಾಮಾನ್ಯವಾಗಿ ಒಂದೇ ತಾಣ ಗೆಲ್ಲುತ್ತದೆ. ಇಬೇ ಜಪಾನಿನಿಂದ 2002ರಲ್ಲಿ ಗಂಟುಮೂಟೆ ಕಟ್ಟಿತು, ಅಲ್ಲಿ ಯಾಹೂ ಹರಾಜು ಮೊದಲೇ ಬೇರೂರಿತ್ತು. ಅದೇ ಯಾಹೂ ಅಮೆರಿಕದಲ್ಲಿ ತನ್ನ ಹರಾಜು ತಾಣವನ್ನು 2007ರಲ್ಲಿ ಮುಚ್ಚಿತು. ಪೋಲೆಂಡಿನಲ್ಲಿ ಅಲೆಗ್ರೊ, ಸ್ವೀಡನ್ನಿನಲ್ಲಿ ಟ್ರಡೇರಾ, ನ್ಯೂಜಿಲೆಂಡಿನಲ್ಲಿ ಟ್ರೇಡ್ ಮಿ. ಕಮಿಷನ್ ಕಡಿಮೆ ಅಂತ ಜನರಿಲ್ಲದ ಹೊಸ ತಾಣಕ್ಕೆ ಹೋದರೆ ಉಳಿಸಿದ ಎರಡು ಪರ್ಸೆಂಟಿಗೆ ಬೆಲೆಯಲ್ಲಿ ಇಪ್ಪತ್ತು ಪರ್ಸೆಂಟ್ ಹೋಗುತ್ತದೆ. ಹರಾಜಿಗೆ ಇಬ್ಬರು ಬೇಕು ಅಂದೆನಲ್ಲ, ಅದೇ ಕಾರಣ.

ಯಾರು ಬೇಕಾದರೂ ಮಾರಬಹುದಾದ ಇಂಥ ಬಯಲು ಸಂತೆಗೆ ಬದಲು ಇನ್ನೆರಡು ಬಗೆ ಇವೆ. ಒಂದು, ಪರಿಣತರು ಸರಕು ನೋಡಿ ಒಪ್ಪಿದ ಮೇಲೆ ಮಾತ್ರ ಹರಾಜಿಗೆ ಬಿಡುವ ತಾಣ. ನೆದರ್‌ಲೆಂಡ್ಸಿನಲ್ಲಿ 2008ರಲ್ಲಿ ಶುರುವಾದ ಕ್ಯಾಟವಿಕಿ ಹೀಗೆ ನಡೆಯುತ್ತದೆ. ಹಳೆಯ ನಾಣ್ಯ, ಗಡಿಯಾರ, ಕಲಾಕೃತಿ, ನಮ್ಮ ಲೆನ್ಸಿನಂಥದ್ದಕ್ಕೆ ಇದು ಚೆನ್ನ, ಯಾಕೆಂದರೆ ಬರುವವರೆಲ್ಲ ಸಂಗ್ರಹಕಾರರು. ಆದರೆ ಮಾರುವವರ ಹತ್ತಿರವೂ ಕೊಳ್ಳುವವರ ಹತ್ತಿರವೂ ಶುಲ್ಕ ತಗೊಳ್ಳುತ್ತಾರೆ. ಕೊಳ್ಳುವವನು ಆ ಶುಲ್ಕವನ್ನು ಮನಸ್ಸಿನಲ್ಲೇ ಕಳೆದುಕೊಂಡು ಬಿಡ್ ಹಾಕುತ್ತಾನೆ, ಕೊನೆಗೆ ಅದೂ ನಿಮ್ಮ ಜೇಬಿನಿಂದಲೇ ಹೋದ ಹಾಗೆ. ಪಟ್ಟಿ ತಗೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಇನ್ನೊಂದು, ವಿಡಿಯೋದಲ್ಲಿ ಲೈವ್ ಬಂದು ಮಾರುವುದು. 2019ರಲ್ಲಿ ಶುರುವಾದ ವಾಟ್‌ನಾಟ್ ಈ ಬಗೆಯದು. ನೀವು ಕ್ಯಾಮೆರಾ ಮುಂದೆ ವಸ್ತು ಹಿಡಿದು ಮಾತಾಡುತ್ತೀರಿ, ಒಂದು ನಿಮಿಷದೊಳಗೆ ಹರಾಜು ಮುಗಿಯುತ್ತದೆ. ಮಾತು ಬಲ್ಲವರಿಗೆ, ಸಣ್ಣ ಬೆಲೆಯ ಸರಕು ರಾಶಿ ಇರುವವರಿಗೆ ಲಾಯಕ್ಕು. ನನ್ನಂಥ ಮೂಲೆ ಹಿಡಿದು ಕೂರುವವರಿಗೆ ಅಲ್ಲ. ಎರಡು ಗಂಟೆ ಲೈವ್ ಮಾಡಿ ನೋಡುವವರು ಆರೇ ಜನ ಇದ್ದರೆ ಒಳ್ಳೊಳ್ಳೆ ಸರಕು ಪುಕ್ಕಟೆ ಹೋದ ಹಾಗೆ ಹೋಗುತ್ತದೆ.

ಸ್ವಂತ ವೆಬ್‌ಸೈಟ್ ಯಾಕೆ ಬೇಡ ಅಂತ ಕೇಳುತ್ತೀರಿ. ಬೇಡ ಅಂತಲ್ಲ, ಈಗ ಬೇಡ. ಅಲ್ಲಿ ಕಮಿಷನ್ ಇಲ್ಲ, ಆದರೆ ಗಿರಾಕಿಯೂ ಇಲ್ಲ. ಒಮ್ಮೆ ಕೊಂಡವರು ಮತ್ತೆ ಮತ್ತೆ ಬರುವಂಥ ಸರಕು ನಿಮ್ಮಲ್ಲಿದ್ದರೆ ಒಂದೆರಡು ವರ್ಷದ ಮೇಲೆ ಯೋಚಿಸಿ. ಅಷ್ಟರವರೆಗೆ ತಾಣದ ಗಿರಾಕಿಗೆ "ಹೊರಗೆ ಬನ್ನಿ, ಕಡಿಮೆಗೆ ಕೊಡ್ತೀನಿ" ಅಂತ ಮೆಸೇಜ್ ಮಾಡಬೇಡಿ. ಅದು ನಿಯಮದ ವಿರುದ್ಧ.

ಸ್ಟೋರ್ ಬಾಡಿಗೆ ಯಾವಾಗ ಗಿಟ್ಟುತ್ತದೆ

ಸಾಮಾನ್ಯ ಖಾತೆಯಲ್ಲೂ ಮಾರಬಹುದು. ತಿಂಗಳ ಬಾಡಿಗೆ ಕಟ್ಟಿದರೆ ಅಂಗಡಿಗೊಂದು ಹೆಸರು, ಸ್ವಂತ ಪುಟ, ವಿಭಾಗಗಳು, ಜಾಸ್ತಿ ಉಚಿತ ಲಿಸ್ಟಿಂಗ್ ಸಿಗುತ್ತವೆ. ಮೇಲಿನ ದರ್ಜೆಗಳಲ್ಲಿ ಕೆಲವು ವಿಭಾಗಗಳಿಗೆ ಕಮಿಷನ್ನೂ ಸ್ವಲ್ಪ ಕಡಿಮೆ. ಸ್ವಂತ ಪುಟ ನೋಡಿ ಮರುಳಾಗಬೇಡಿ. ಗಿರಾಕಿ ಬರುವುದು ಹುಡುಕಾಟದಿಂದ ನೇರವಾಗಿ ವಸ್ತುವಿಗೆ. ನಿಮ್ಮ ಅಂಗಡಿಯ ಮುಖಪುಟದ ಬಣ್ಣ ನೋಡುವವರು ಬಹಳ ಕಡಿಮೆ.

ಲೆಕ್ಕವೊಂದೇ ಮುಖ್ಯ. ಅಮೆರಿಕದ ಇಬೇಯಲ್ಲಿ ಸ್ಟೋರ್ ಇಲ್ಲದವರಿಗೂ ತಿಂಗಳಿಗೆ 250ರವರೆಗೆ ಲಿಸ್ಟಿಂಗ್ ಉಚಿತ. ಅದರ ಮೇಲೆ ಒಂದೊಂದಕ್ಕೂ ಶುಲ್ಕ. ಉದಾಹರಣೆಗೆ ಆ ಶುಲ್ಕ 0.35, ಬಾಡಿಗೆ 25 ಅಂತ ಇಟ್ಟುಕೊಂಡರೆ, ಉಚಿತ ಮಿತಿಗಿಂತ 72 ಲಿಸ್ಟಿಂಗ್ ಜಾಸ್ತಿ ಹಾಕುವ ತಿಂಗಳಲ್ಲಿ ಮಾತ್ರ ಬಾಡಿಗೆ ಹುಟ್ಟುತ್ತದೆ. ಮಾರಾಟವಾಗದೆ ಉಳಿದ ನಿಗದಿ ಬೆಲೆಯ ಸರಕು ತಿಂಗಳಿಗೊಮ್ಮೆ ತಾನಾಗಿ ನವೀಕರಣವಾಗುತ್ತದೆ. ಅದೂ ಒಂದು ಲಿಸ್ಟಿಂಗ್ ಅಂತಲೇ ಲೆಕ್ಕ. ಇದನ್ನು ಮರೆತು "ಹೊಸದೇನೂ ಹಾಕಿಲ್ಲವಲ್ಲ, ಬಿಲ್ ಯಾಕೆ ಬಂತು?" ಅನ್ನುವವರು ಇದ್ದಾರೆ. ಕಮಿಷನ್ ಇಳಿಕೆಯನ್ನೂ ಸೇರಿಸಿ ನೋಡಿ. ಒಂದು ಪರ್ಸೆಂಟ್ ಉಳಿಯುತ್ತದೆ ಅಂದರೆ 25 ಬಾಡಿಗೆ ಹುಟ್ಟಲು ತಿಂಗಳಿಗೆ 2,500ರ ವ್ಯಾಪಾರ ಬೇಕು.

ನಾನು ಕಂಡ ಹಾಗೆ ಹೆಚ್ಚಿನವರು ಆರು ತಿಂಗಳು ಮೊದಲೇ ಸ್ಟೋರ್ ತಗೊಳ್ಳುತ್ತಾರೆ. ನಾನೂ ಅದೇ ತಪ್ಪು ಮಾಡಿದವನೇ. ವರ್ಷದ ಬಾಡಿಗೆ ಕಟ್ಟಿದರೆ ಅಗ್ಗ ಅಂತ ಕಂಡು, ಮೂವತ್ತು ವಸ್ತು ಇಟ್ಟುಕೊಂಡು ವರ್ಷಪೂರ್ತಿ ಕಟ್ಟಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮನೆಯಲ್ಲಿ ಹೇಳಿಸಿಕೊಂಡಿದ್ದು ಬೇರೆ. ಮೂರು ತಿಂಗಳು ಸಾಮಾನ್ಯ ಖಾತೆಯಲ್ಲಿ ಮಾರಿ, ಲಿಸ್ಟಿಂಗ್ ಶುಲ್ಕವೇ ಬಾಡಿಗೆಯನ್ನು ದಾಟುತ್ತಿದೆ ಅಂತ ಕಂಡ ಮೇಲೆ, ಮೊದಲು ತಿಂಗಳ ಲೆಕ್ಕದಲ್ಲಿ ತಗೊಳ್ಳಿ.

ಮೊದಲ ಮೂರು ತಿಂಗಳು

ಹೊಸ ಖಾತೆಗೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಬೆಲೆಯಲ್ಲೇ ದಂಡ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಅಳೆದು ತೋರಿಸಿತು. ಒಬ್ಬ ಅನುಭವಸ್ಥ ವ್ಯಾಪಾರಿ ಹಳೆಯ ಪೋಸ್ಟ್‌ಕಾರ್ಡುಗಳನ್ನು ಜೋಡಿ ಜೋಡಿಯಾಗಿ ಆರಿಸಿ, ಒಂದನ್ನು ತನ್ನ ಹಳೆಯ ಖಾತೆಯಲ್ಲೂ ಅದರ ಜೊತೆಯದನ್ನು ಹೊಸ ಖಾತೆಗಳಲ್ಲೂ ಇಬೇಯಲ್ಲಿ ಮಾರಿದ. ಸರಕು ಒಂದೇ ಮಟ್ಟದ್ದು, ಮಾರುವವನೂ ಅವನೇ. ಆದರೂ ಹಳೆಯ ಖಾತೆಗೆ ಗಿರಾಕಿಗಳು ಸುಮಾರು 8.1 ಪರ್ಸೆಂಟ್ ಜಾಸ್ತಿ ಕೊಡಲು ಸಿದ್ಧರಿದ್ದರು.

ಇದರರ್ಥ ಏನು? ಆ ಲೆನ್ಸನ್ನು ಮೊದಲ ದಿನವೇ ಇಡಬೇಡಿ. ಪಟ್ಟಿಗಳಿಂದ ಶುರು ಮಾಡಿ. ಸಣ್ಣ ಬೆಲೆ, ಮುರಿಯದ ಸರಕು, ಬೇಗ ತಲುಪುತ್ತದೆ. ಇಪ್ಪತ್ತು ಮೂವತ್ತು ಒಳ್ಳೆಯ ಅಭಿಪ್ರಾಯ ಬಂದ ಮೇಲೆ ಲೆನ್ಸ್ ಹೊರಗೆ ತೆಗೆಯಿರಿ. ಅದೂ ಅಲ್ಲದೆ ಹೊಸಬರಿಗೆ ತಿಂಗಳಿಗೆ ಇಷ್ಟೇ ಮಾರಬಹುದು ಅಂತ ಮಿತಿ ಇರುತ್ತದೆ. ಬಂದ ಹಣವನ್ನೂ ತಾಣ ಕೆಲವು ವಾರ ತಡೆದಿಡಬಹುದು. ದುಬಾರಿ ಸರಕು ಮಾರಿ, ಹಣ ಕೈಗೆ ಬರದೆ, ಮುಂದಿನ ಸ್ಟಾಕ್ ತರಲು ಬಂಡವಾಳ ಇಲ್ಲದೆ ಒದ್ದಾಡುವುದು ಬೇಡ.

ಜಗಳ ಬಂದಾಗ ನಿಯಮಗಳು ಹೆಚ್ಚಾಗಿ ಗಿರಾಕಿಯ ಕಡೆ ವಾಲುತ್ತವೆ. ಇಬೇಯಲ್ಲಿ 2008ರಿಂದ ಮಾರುವವರು ಗಿರಾಕಿಗೆ ಕೆಟ್ಟ ಅಭಿಪ್ರಾಯ ಬರೆಯುವ ಹಾಗೇ ಇಲ್ಲ. ನೀವು ವಾಪಸ್ ತಗೊಳ್ಳುವುದಿಲ್ಲ ಅಂತ ಬರೆದಿದ್ದರೂ, ವಸ್ತು ವಿವರಣೆಯಂತೆ ಇಲ್ಲದಿದ್ದರೆ ಹಣ ವಾಪಸ್ ಕೊಡಲೇಬೇಕು. ಹಾಗಾಗಿ ಹರಾಜೇ ಇರಲಿ, ನಿಗದಿ ಬೆಲೆಯೇ ಇರಲಿ, ಕೆಟ್ಟದ್ದನ್ನು ಮೊದಲು ಬರೆಯಿರಿ. ಲೆನ್ಸಿನ ಅಂಚಿನಲ್ಲಿ ಗೀರು ಇದೆಯಾ? ಅದರ ಫೋಟೋ ಎರಡನೆಯದಾಗಿ ಬರಲಿ, ಹನ್ನೆರಡನೆಯದಾಗಿ ಅಲ್ಲ. ಶೀರ್ಷಿಕೆಗೆ ಇಬೇಯಲ್ಲಿ 80 ಅಕ್ಷರಗಳ ಜಾಗ. ಅದರಲ್ಲಿ "ಅದ್ಭುತ", "ಅಪರೂಪ" ಅಂತೆಲ್ಲ ತುಂಬಬೇಡಿ. ಯಾರೂ "ಅದ್ಭುತ" ಅಂತ ಟೈಪ್ ಮಾಡಿ ಹುಡುಕಲ್ಲ. ಕಂಪನಿ, ಮಾಡೆಲ್, ಅಳತೆ, ಸ್ಥಿತಿ, ಅಷ್ಟು ಹಾಕಿ.

ಹರಾಜಿಗೇ ಅಂಟಿಕೊಂಡ ಒಂದು ತಲೆನೋವು, ಗೆದ್ದು ಹಣ ಕಟ್ಟದೆ ಮಾಯವಾಗುವವರು. ನಿಗದಿ ಬೆಲೆಯಲ್ಲಿ ತಕ್ಷಣ ಹಣ ಕಟ್ಟಬೇಕು ಅಂತ ಇಡಬಹುದು, ಆಗ ಈ ಸಮಸ್ಯೆ ಇಲ್ಲ. ಹರಾಜಿನಲ್ಲಿ ಗೆದ್ದವನು ನಾಲ್ಕು ದಿನ ಕಳೆದರೂ ಕಟ್ಟದಿದ್ದರೆ ರದ್ದು ಮಾಡಿ. ನಂತರ ಎರಡನೆಯವನಿಗೆ ಅವನು ಹೇಳಿದ್ದ ಬೆಲೆಗೇ ಕೊಡುವ ಅವಕಾಶ ಇದೆ. ಎರಡನೆಯವನ ಬೆಲೆ ಚೆನ್ನಾಗಿದ್ದರೆ ತಡಮಾಡದೆ ಕಳಿಸಿ. ಒಂದು ವಾರ ಬಿಟ್ಟರೆ ಅವನು ಬೇರೆ ಕಡೆ ಕೊಂಡಿರುತ್ತಾನೆ.

ನನ್ನನ್ನು ಕೇಳಿದರೆ ಈಗ ಶುರು ಮಾಡುವ ಸಣ್ಣ ಅಂಗಡಿಯಲ್ಲಿ ಹತ್ತಕ್ಕೆ ಎಂಟು ಲಿಸ್ಟಿಂಗ್ ನಿಗದಿ ಬೆಲೆಯದ್ದಾಗಿರಲಿ, ಅದರಲ್ಲಿ ಅರ್ಧಕ್ಕೆ ಚೌಕಾಸಿ ತೆರೆದಿರಲಿ. ಮಿಕ್ಕ ಎರಡು ಹರಾಜು. ಆ ಎರಡನ್ನೂ ಒಂದೇ ಸಂಜೆ, ಹತ್ತು ನಿಮಿಷದ ಅಂತರದಲ್ಲಿ ಮುಗಿಯುವ ಹಾಗೆ ಇಡಿ. ಒಂದರಲ್ಲಿ ಸೋತವನು ಇನ್ನೊಂದಕ್ಕೆ ಬರುತ್ತಾನೆ. ಬರುವ ದಾರಿಯಲ್ಲಿ ನಿಮ್ಮ ಪಟ್ಟಿಗಳೂ ಅವನ ಕಣ್ಣಿಗೆ ಬೀಳುತ್ತವೆ.

ಬರೀ ಹಳೆಯ, ಒಂಟಿ ಸರಕು ಮಾರುವವರಾದರೆ ಈ ಲೆಕ್ಕ ತಿರುಗುಮುರುಗಾಗಬಹುದು. ಅಂಥವರು ಹರಾಜನ್ನೇ ಮುಖ್ಯ ಮಾಡಿಕೊಳ್ಳಲಿ, ಸ್ಟೋರ್ ಬಾಡಿಗೆಯ ಗೊಡವೆ ಬಿಡಲಿ. ಹೊಸ ಸರಕನ್ನು ಸಗಟಿನಲ್ಲಿ ತಂದು ಮಾರುವವರಿಗೆ ಹರಾಜಿನ ಹಂಗೇ ಬೇಡ, ಒಂದನ್ನು ಬಿಟ್ಟು. ವರ್ಷವಾದರೂ ಹೋಗದೆ ಕೂತ ಕೊನೆಯ ಐದಾರು ಪೀಸುಗಳಿರುತ್ತವಲ್ಲ, ಅವನ್ನು ಒಟ್ಟಿಗೆ ಕಟ್ಟಿ ಹರಾಜಿಗೆ ಹಾಕಿ ಕೈತೊಳೆದುಕೊಳ್ಳಿ. ಅಲ್ಲಿ ಬೆಲೆ ಏರಲಿ ಬಿಡಲಿ, ಕಪಾಟಿನಲ್ಲಿ ಜಾಗವಂತೂ ಖಾಲಿಯಾಗುತ್ತದೆ.